ರಿಂಗ್ ಲೈಟ್ ಆಮೇಲೆ ತಗೊಳ್ಳಿ

ಶಿರಸಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಜೆರಾಕ್ಸ್, ಲ್ಯಾಮಿನೇಷನ್, ಮೊಬೈಲ್ ಕವರು, ಚಾರ್ಜರು, ಇಯರ್‌ಫೋನು. ಮೂರ್ನಾಲ್ಕು ವರ್ಷದಿಂದ ಇದರ ಜೊತೆ ರಿಂಗ್ ಲೈಟು (ವೀಡಿಯೊ ಮಾಡುವಾಗ ಮುಖಕ್ಕೆ ಬೆಳಕು ಕೊಡುವ ಬಳೆಯಾಕಾರದ ದೀಪ), ಟ್ರೈಪಾಡು, ಕಾಲರ್ ಮೈಕು ಕೂಡ ಇಟ್ಟಿದ್ದೇನೆ. ವಾರಕ್ಕೆ ಒಬ್ಬರಾದರೂ ಬಂದು, ಕೌಂಟರ್ ಮೇಲೆ ಕೈ ಊರಿ, ದನಿ ಸ್ವಲ್ಪ ಇಳಿಸಿ, ಏನೋ ಗುಟ್ಟು ಹೇಳುವವರ ಹಾಗೆ ಕೇಳುತ್ತಾರೆ: "ಅಣ್ಣ, ಯೂಟ್ಯೂಬ್ ಚಾನೆಲ್ ಶುರು ಮಾಡ್ಬೇಕು ಅಂತಿದೀನಿ, ಏನೇನು ಬೇಕು?"

"ಏನೂ ಬೇಡ. ಮನೆಗೆ ಹೋಗಿ ಕೈಯಲ್ಲಿರೋ ಫೋನಲ್ಲೇ ಒಂದು ವೀಡಿಯೊ ಮಾಡ್ಕೊಂಡು ಬಾ, ಆಮೇಲೆ ನೋಡಣ."

ಪಕ್ಕದಲ್ಲಿ ಪೇಪರ್ ಓದುತ್ತ ಕೂತ ಅಪ್ಪಯ್ಯನಿಗೆ ಇದು ಕಿವಿಗೆ ಬಿದ್ದರೆ ಸಿಟ್ಟು ಬರುತ್ತದೆ. "ಬಂದ ಗಿರಾಕಿನೂ ಓಡಿಸ್ತೆ ನೀನು" ಅಂತ ಬೈಯುತ್ತಾನೆ.

ಅಪ್ಪಯ್ಯ ಹೇಳುವುದು ಸರಿಯೇ, ಅಂಗಡಿ ಇಟ್ಟಿರುವುದು ಮಾರಲಿಕ್ಕೆ. ಆದರೆ ಹಿಂದೆ ನನ್ನ ಹತ್ತಿರ ರಿಂಗ್ ಲೈಟ್ ಒಯ್ದವರ ಕಥೆ ನನಗೆ ಗೊತ್ತಲ್ಲ. ಒಬ್ಬರ ಮನೆಯಲ್ಲಿ ಅದು ಚೌತಿಗೆ ಗಣಪತಿ ಮಂಟಪಕ್ಕೆ ಬೆಳಕು ಕೊಡುತ್ತದೆ. ಇನ್ನೊಬ್ಬರ ಮನೆಯಲ್ಲಿ ಹೊಲಿಗೆ ಮಷಿನ್ ಪಕ್ಕ ನಿಂತಿದೆ. ಮೂರನೆಯವನು ಅರ್ಧ ರೇಟಿಗೆ ವಾಪಸ್ ತಗೋತೀರಾ ಅಂತ ಕೇಳಿಕೊಂಡು ಬಂದಿದ್ದ. ವೀಡಿಯೊ ಮಾತ್ರ ಯಾರೂ ಮಾಡಲಿಲ್ಲ. ಸಾಮಾನು ಮನೆಗೆ ಬಂದ ಕೂಡಲೇ ಅರ್ಧ ಕೆಲಸ ಆಯ್ತು ಅನ್ನಿಸಿಬಿಡುತ್ತದೆ, ಉಮೇದು ಅಲ್ಲಿಗೇ ಖರ್ಚಾಗುತ್ತದೆ. ಬೇರೆಯವರನ್ನು ನಗುವುದು ಯಾಕೆ, ನಾನೂ ಹಾಗೇ ಶುರು ಮಾಡಿದವನು.

ನನ್ನ ಮೊದಲ ವ್ಲಾಗ್, ಅಂದರೆ ಕಂಡದ್ದನ್ನು ನಾವೇ ತೋರಿಸುತ್ತ ಮಾತಾಡುವ ವೀಡಿಯೊ, ಕಾರವಾರದ ಟ್ಯಾಗೋರ್ ಬೀಚಿನಲ್ಲಿ. ಹೊಸ ಟ್ರೈಪಾಡು, ಇಸ್ತ್ರಿ ಮಾಡಿದ ಶರ್ಟು. ಹೇಳಬೇಕಿದ್ದ ವಿಷಯ ಏನೋ ಚೆನ್ನಾಗಿಯೇ ಇತ್ತು. 1883ರಲ್ಲಿ ರವೀಂದ್ರನಾಥ ಟ್ಯಾಗೋರರು ಕಾರವಾರಕ್ಕೆ ಬಂದು ಉಳಿದಿದ್ದರು, ಆಗ ಅವರಿನ್ನೂ ಇಪ್ಪತ್ತೆರಡರ ಹುಡುಗ, ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ಜಡ್ಜ್ ಆಗಿದ್ದರು, ಈ ಕಡಲು ನೋಡುತ್ತಲೇ ಅವರು ಒಂದು ನಾಟಕ ಬರೆದರು. ಇದನ್ನೆಲ್ಲ ನಾಲ್ಕು ಪುಟ ಬರೆದುಕೊಂಡು, ಶಾಲೆಯ ಭಾಷಣ ಸ್ಪರ್ಧೆಗೆ ಹೋಗುವವನ ಹಾಗೆ ಬಾಯಿಪಾಠ ಮಾಡಿ, ಮಧ್ಯಾಹ್ನ ಮೂರೂವರೆಗೆ ನೀರಿನ ಕಡೆ ಬೆನ್ನು ಹಾಕಿ ನಿಂತು "ನಮಸ್ಕಾರ ವೀಕ್ಷಕರೇ" ಅಂತ ಶುರು ಹಚ್ಚಿಕೊಂಡೆ. ನಲವತ್ತು ನಿಮಿಷ ಮಾತಾಡಿದೆ. ರಾತ್ರಿ ಮನೆಗೆ ಬಂದು ಹಾಕಿ ನೋಡಿದರೆ ಭರ್‍ರ್ ಅನ್ನುವ ಸದ್ದು ಬಿಟ್ಟರೆ ಬೇರೇನಿಲ್ಲ. ಹೆಂಡತಿ ಎರಡು ನಿಮಿಷ ಕಿವಿಗೊಟ್ಟು ಕೇಳಿ, "ಟ್ಯಾಗೋರ್ ಎಲ್ಲಿದ್ದ? ಬರೀ ಗಾಳಿ ಬೈಂದು" ಅಂದಳು.

ಕಡಲ ತೀರದಲ್ಲಿ ಹಗಲು ಏರಿದ ಹಾಗೆ ನೆಲ ಬೇಗ ಕಾಯುತ್ತದೆ, ನೀರು ಅಷ್ಟು ಬೇಗ ಕಾಯುವುದಿಲ್ಲ, ಹಾಗಾಗಿ ಮಧ್ಯಾಹ್ನದ ಮೇಲೆ ಕಡಲಿನ ಕಡೆಯಿಂದ ಗಾಳಿ ಜೋರು. ಕಾರವಾರದ ಮೀನುಗಾರರ ಮಗುವಿಗೂ ಇದು ಗೊತ್ತು, ಘಟ್ಟದ ಮೇಲಿನ ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಹೋಗಿದ್ದರೆ ಅರ್ಧ ಸಮಸ್ಯೆ ಇರುತ್ತಿರಲಿಲ್ಲ. ಇನ್ನರ್ಧಕ್ಕೆ ಒಂದು ಅಗ್ಗದ ಉಪಾಯ ಇದೆ. ಮನೆಯಲ್ಲಿ ಹಳೆಯ ಫೋನು ಇರುತ್ತದಲ್ಲ, ಸ್ಕ್ರೀನ್ ಒಡೆದದ್ದಾದರೂ ಅಡ್ಡಿಯಿಲ್ಲ, ಅದರಲ್ಲಿ ವಾಯ್ಸ್ ರೆಕಾರ್ಡರ್ ಆನ್ ಮಾಡಿ ಶರ್ಟಿನ ಜೇಬಿನಲ್ಲಿ ಮೈಕು ಮೇಲಾಗುವಂತೆ ಇಟ್ಟುಕೊಳ್ಳಿ. ಕ್ಯಾಮೆರಾ ಹತ್ತು ಅಡಿ ದೂರ ಇದ್ದರೂ ಮಾತು ಹತ್ತಿರದಿಂದ ಸಿಗುತ್ತದೆ. ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆಯಿರಿ. ಆಮೇಲೆ ಎಡಿಟ್ ಮಾಡುವಾಗ ಕೈಗೆ ಕೈ ತಾಗಿದ ಜಾಗ ಮತ್ತು "ಟಪ್" ಅಂದ ಜಾಗ ಎರಡನ್ನೂ ಕೂಡಿಸಿದರೆ ದೃಶ್ಯ, ದನಿ ಎರಡೂ ಸರಿಯಾಗಿ ಕೂರುತ್ತವೆ. ಸಿನಿಮಾದವರು ಕ್ಲಾಪ್ ಹೊಡೆಯುವುದೂ ಇದಕ್ಕೇ. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಹಾಗಾಗಿ ಯಾರಾದರೂ ದುಡ್ಡು ಹಾಕಲೇಬೇಕು ಅಂತ ಹಟ ಹಿಡಿದರೆ ನಾನು ಮೊದಲು ತೋರಿಸುವುದು ಮೈಕನ್ನು, ಲೈಟನ್ನಲ್ಲ.

ಆ ನಲವತ್ತು ನಿಮಿಷದಲ್ಲಿ ಗಾಳಿ ಇಲ್ಲದ ಒಂದೆರಡು ತುಂಡು ಇದ್ದವು. ಅದನ್ನು ಕೇಳಿದರೆ ಇನ್ನೂ ಬೇಜಾರು. ಅದು ನನ್ನ ದನಿಯೇ ಅಲ್ಲ ಅನ್ನಿಸಿತು. ಸಣ್ಣ, ಮೂಗಿನಲ್ಲಿ ಮಾತಾಡುವಂಥದು. ಇದು ಎಲ್ಲರಿಗೂ ಆಗುತ್ತದೆ, ಹೆದರಬೇಡಿ. ನಾವು ಮಾತಾಡುವಾಗ ನಮ್ಮ ದನಿ ಗಾಳಿಯಲ್ಲಿ ಬಂದು ಕಿವಿಗೆ ಬೀಳುವುದಲ್ಲದೆ ತಲೆಬುರುಡೆಯ ಮೂಳೆಯ ಮೂಲಕವೂ ಒಳಗಿವಿಗೆ ಹೋಗುತ್ತದೆ, ಅದಕ್ಕೇ ನಮಗೆ ನಮ್ಮ ದನಿ ಗಡುಸಾಗಿ ಕೇಳುತ್ತದೆ. ರೆಕಾರ್ಡಿನಲ್ಲಿ ಆ ಮೂಳೆಯ ಪಾಲು ಇಲ್ಲ. ಊರವರೆಲ್ಲ ಇಷ್ಟು ವರ್ಷ ಕೇಳಿದ್ದು ಆ ಸಣ್ಣ ದನಿಯನ್ನೇ, ಯಾರೂ ಓಡಿಹೋಗಿಲ್ಲ. ಆದರೆ "ವೀಕ್ಷಕರೇ" ಅನ್ನುವ ಭಾಷೆ ಮಾತ್ರ ನಿಜವಾಗಿಯೂ ನನ್ನದಾಗಿರಲಿಲ್ಲ. ಅದನ್ನು ಬಿಟ್ಟೆ.

ಆರು ತಿಂಗಳು ಏನೂ ಮಾಡಲಿಲ್ಲ. ಟ್ರೈಪಾಡು ಅಟ್ಟಕ್ಕೆ ಹೋಯಿತು.

ಮತ್ತೆ ಶುರುವಾದದ್ದು ದೊಡ್ಡಾಯಿಯಿಂದ. ಆಲೆಮನೆ ಸಮಯ, ಕಬ್ಬಿನ ಹಾಲು ಬಂದಿತ್ತು, ದೊಡ್ಡಾಯಿ ತೊಡೆದೇವು ಮಾಡಲಿಕ್ಕೆ ಕೂತಿದ್ದಳು. ಘಟ್ಟದ ಕೆಳಗಿನವರಿಗೆ, ದೂರದವರಿಗೆ ಹೇಳುವುದಾದರೆ, ತೊಡೆದೇವು ಅಂದರೆ ಕಾಗದದಷ್ಟು ತೆಳು ಇರುವ ಒಂದು ಸಿಹಿ. ಒಲೆಯ ಮೇಲೆ ಗುಂಡನೆಯ ಮಣ್ಣಿನ ಮಡಕೆಯನ್ನು ಬೋರಲು ಹಾಕುತ್ತಾರೆ. ಅಕ್ಕಿ ರುಬ್ಬಿ ಕಬ್ಬಿನ ಹಾಲಿನಲ್ಲಿ ಕಲಸಿದ ಹಿಟ್ಟು ನೀರು ನೀರಾಗಿರುತ್ತದೆ. ತೆಳು ಬಟ್ಟೆಯನ್ನು ಅದರಲ್ಲಿ ಅದ್ದಿ ಮಡಕೆಯ ಬೆನ್ನ ಮೇಲೆ ಒಂದೇ ಎಳೆತಕ್ಕೆ ತೊಡೆಯುತ್ತಾರೆ. ತೊಡೆಯುವುದು ಅಂದರೆ ಬಳಿಯುವುದು, ಹೆಸರು ಬಂದದ್ದೂ ಅದರಿಂದಲೇ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಒಣಗುತ್ತದೆ. ತುಪ್ಪ ಸವರಿ, ಅಂಚು ಎಬ್ಬಿಸಿ, ಮಡಚಿ ತೆಗೆಯುವುದು.

ಸುಮ್ನೆ ಫೋನು ತೆಗೆದೆ. ಬೆಂಗಳೂರಲ್ಲಿರುವ ತಂಗಿಗೆ ಕಳಿಸೋಣ ಅಂತ, ಅಷ್ಟೇ. ಅಡುಗೆಮನೆಯಲ್ಲಿ ಒಂದು ಕಿಟಕಿ, ಬಾಕಿ ಎಲ್ಲ ಹೊಗೆ. ಬೆಂಕಿ ಫ್ರೇಮಿಗೆ ಬಂದಾಗಲೆಲ್ಲ ದೊಡ್ಡಾಯಿಯ ಮುಖ ಕಪ್ಪಾಗುತ್ತಿತ್ತು, ಬೆಂಕಿ ಹೊರಗೆ ಹೋದರೆ ಮುಖ ಬೆಳ್ಳಗೆ. ಫೋನು ತಾನಾಗಿಯೇ ಬೆಳಕು ಹೆಚ್ಚು ಕಮ್ಮಿ ಮಾಡುತ್ತದಲ್ಲ, ಅದರ ಅವಾಂತರ. ಸ್ಕ್ರೀನಿನಲ್ಲಿ ಅವಳ ಕೈ ಇರುವ ಜಾಗದ ಮೇಲೆ ಬೆರಳು ಒತ್ತಿ ಹಿಡಿದೆ. ತುಂಬ ಫೋನುಗಳಲ್ಲಿ ಹೀಗೆ ಒತ್ತಿ ಹಿಡಿದರೆ ಬೆಳಕೂ ಫೋಕಸ್ಸೂ ಅಲ್ಲಿಗೇ ಲಾಕ್ ಆಗುತ್ತದೆ. ಕಿಟಕಿಗೆ ನಾನು ಬೆನ್ನು ಕೊಟ್ಟು ಕೂತೆ, ಬೆಳಕು ನೇರ ಅವಳ ಕೈ ಮೇಲೆ ಬಿತ್ತು. ಯಾವ ರಿಂಗ್ ಲೈಟೂ ಬೇಕಾಗಲಿಲ್ಲ.

ಎದುರಿಗೆ ಕ್ಯಾಮೆರಾ ಇದೆ, ಸುಮ್ಮನಿರಬಾರದಲ್ಲ ಅಂತ ಕೇಳಿದೆ: "ದೊಡ್ಡಾಯಿ, ಮಡಕೆ ಸಾಕಷ್ಟು ಕಾಯ್ದು ಹೇಳಿ ಹ್ಯಾಂಗೆ ಗೊತ್ತಾಗ್ತು?"

"ಕೇಳ್ತಿಲ್ಯನಾ?" ಅಂದಳು.

ಬಟ್ಟೆಯನ್ನು ಒಮ್ಮೆ ಎಳೆದಳು. ಚುಂಯ್ ಅಂದಿತು. ಬೆಂಕಿ ಸ್ವಲ್ಪ ಹಿಂದೆ ಎಳೆದು, ಒಂದು ನಿಮಿಷ ಬಿಟ್ಟು, ಮತ್ತೊಂದು ಎಳೆದಳು. ಈ ಸಲ ಸದ್ದು ಮೆತ್ತಗೆ, ಸ್ಸ್ ಅಂತ, ತುಸು ಉದ್ದಕ್ಕೆ. ಅದು ಸರಿ, ಮೊದಲಿನದು ಜಾಸ್ತಿ ಕಾದದ್ದು, ಹರಿದುಹೋಗುತ್ತದೆ. ಸದ್ದೇ ಇಲ್ಲದಿದ್ದರೆ ಹಿಟ್ಟು ಮಡಕೆಗೆ ಕಚ್ಚಿಕೊಳ್ಳುತ್ತದೆ. ಹಿಟ್ಟಿನ ಅಳತೆ ಕೇಳಿದ್ದಕ್ಕೆ, "ಯಂಗೆ ಅಳತೆ ಗೊತ್ತಿಲ್ಲೆ ತಮಾ, ಕೈಗೆ ಗೊತ್ತಿದ್ದು" ಅಂದಳು.

ನಾನು ನಲವತ್ತು ವರ್ಷದಿಂದ ಆ ಒಲೆಯ ಮುಂದೆ ಕೂತು ತೊಡೆದೇವು ತಿಂದವನು. ಒಂದು ದಿನವೂ ಈ ಪ್ರಶ್ನೆ ಕೇಳಿರಲಿಲ್ಲ. ಕೇಳಬೇಕು ಅಂತ ಹೊಳೆದೂ ಇರಲಿಲ್ಲ. ಮನೆಯವರ ಹತ್ತಿರ ಇಂಥದ್ದೆಲ್ಲ ಕೇಳಿದರೆ "ಇವನಿಗೆ ಇವತ್ತು ಏನಾಯ್ತು" ಅಂತ ನೋಡುತ್ತಾರೆ. ಕೈಯಲ್ಲಿ ಫೋನು ಇದ್ದರೆ ಆ ನಾಚಿಕೆ ಇಲ್ಲ, ಕೇಳಲಿಕ್ಕೆ ಒಂದು ನೆಪ ಸಿಗುತ್ತದೆ, ಹೇಳುವವರಿಗೂ "ಯಾರೋ ನೋಡ್ತಾರಂತೆ" ಅನ್ನುವ ಹುರುಪು ಬರುತ್ತದೆ. ವ್ಲಾಗ್ ಯಾಕೆ ಮಾಡಬೇಕು ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಇರುವ ಉತ್ತರ ಇದೊಂದೇ. ಈ ಚುಂಯ್ ಮತ್ತು ಸ್ಸ್ ನಡುವಿನ ವ್ಯತ್ಯಾಸ ನಾನು ಇಲ್ಲಿ ಎಷ್ಟು ಬರೆದರೂ ನಿಮಗೆ ಸಿಗುವುದಿಲ್ಲ ನೋಡಿ. ವೀಡಿಯೊದಲ್ಲಿ ನಾಲ್ಕು ಸೆಕೆಂಡು ಸಾಕು.

ಏಳು ನಿಮಿಷದ ಆ ವೀಡಿಯೊ ಹಾಕಿದ ಮೇಲೆ ಮೊದಲು ಫೋನು ಬಂದದ್ದು ಮುಂಬೈಯಿಂದ, ನಮ್ಮ ಕಡೆಯವರೇ ಒಬ್ಬರು, ಪರಿಚಯ ಇಲ್ಲ. ವೀಡಿಯೊ ಚೆನ್ನಾಗಿದೆ ಅಂತೇನೂ ಹೇಳಲಿಲ್ಲ. ಆ ಮಡಕೆ ಎಲ್ಲಿ ಸಿಗುತ್ತದೆ ಅಂತ ಕೇಳಿದರು. ಆಮೇಲೆ ಇನ್ನೂ ಮೂರು ಜನ ಅದನ್ನೇ ಕೇಳಿದರು. ದೊಡ್ಡಾಯಿಗೇ ನೆನಪಿಲ್ಲ, ಅವಳ ಅತ್ತೆಯ ಕಾಲದ್ದಂತೆ. ವಿಚಾರಿಸುತ್ತ ಹೋದಾಗ ಒಬ್ಬ ಕುಂಬಾರರು ಸಿಕ್ಕರು, ವಯಸ್ಸಾದವರು, ಈಗ ಹೂಕುಂಡ, ಹಣತೆ ಮಾತ್ರ ಮಾಡುತ್ತಾರೆ. ತೊಡೆದೇವಿನ ಮಡಕೆ ಕೇಳಿಕೊಂಡು ಬಂದು ಎಷ್ಟೋ ವರ್ಷ ಆಯ್ತು ಅಂದರು. ಐದು ಮಡಕೆಗೆ ಹೇಳಿದೆ. ಎರಡು ಸುಡುವಾಗ ಬಿರುಕು ಬಿಟ್ಟವು. ಅದೇ ನನ್ನ ಎರಡನೇ ವೀಡಿಯೊ, ಬಿರುಕು ಬಿಟ್ಟದ್ದೂ ಸೇರಿ.

ಇಷ್ಟು ಸಣ್ಣ ವಿಷಯ ಯಾರು ನೋಡುತ್ತಾರೆ ಅನ್ನುವವರಿಗೆ ನಾನು ಹೇಳುವುದು ಯೂಟ್ಯೂಬಿನ ಮೊಟ್ಟಮೊದಲ ವೀಡಿಯೊ ಬಗ್ಗೆ. 2005ರ ಏಪ್ರಿಲ್ 23ರಂದು ಆ ಕಂಪನಿ ಕಟ್ಟಿದವರಲ್ಲೇ ಒಬ್ಬರಾದ ಜಾವೇದ್ ಕರೀಂ ಹಾಕಿದ್ದು. ಬರೀ 19 ಸೆಕೆಂಡು. ಅಮೆರಿಕದ ಸ್ಯಾನ್ ಡಿಯೆಗೊ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು, ಇವುಗಳ ಸೊಂಡಿಲು ಬಹಳ ಉದ್ದ, ಅದೇ ಮಜಾ ಅಂತ ಹೇಳಿ ಮುಗಿಸುತ್ತಾರೆ. ಟ್ರೈಪಾಡಿಲ್ಲ, ಮ್ಯೂಸಿಕ್ಕಿಲ್ಲ. ನಮ್ಮ ದೊಡ್ಡಾಯಿ ಅದಕ್ಕಿಂತ ಎಷ್ಟೋ ಮೇಲು.

ಇನ್ನೊಂದು ಉದಾಹರಣೆ ಮನೆಯದೇ. ನನ್ನ ಅಕ್ಕನ ಮಗನಿಗೆ ಯಕ್ಷಗಾನದ ಹುಚ್ಚು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಅವನಿಗೆ ಏಳು ವರ್ಷ, ಅವರ ಆಟ ಎದುರು ಕೂತು ನೋಡಿದವನೇ ಅಲ್ಲ. ಆದರೆ ಅವರ ಒಂದೊಂದು ಹೆಜ್ಜೆ ಗೊತ್ತು. ಹೇಗೆ ಅಂದರೆ ಯಾರೋ ಪುಣ್ಯಾತ್ಮರು ಟೆಂಟಿನಲ್ಲಿ ಕೂತು, ಮುಂದಿನವರ ತಲೆ ಅಡ್ಡ ಬರುತ್ತಿದ್ದರೂ, ಕೈ ನಡುಗಿಸುತ್ತ ತೆಗೆದ ವೀಡಿಯೊಗಳಿಂದ. ಅವರು ಒಳ್ಳೆಯ ಕ್ಯಾಮೆರಾ ಬರಲಿ ಅಂತ ಕಾದಿದ್ದರೆ ಈ ಮಾಣಿಗೆ ಏನು ಸಿಗುತ್ತಿತ್ತು?

ಕಳೆದ ವರ್ಷ ಅಂಕೋಲಾ ಕಡೆಯ ಒಬ್ಬ ಕಾಲೇಜು ಹುಡುಗ ಅಂಗಡಿಗೆ ಬಂದ, ಹಾಲಕ್ಕಿ ಒಕ್ಕಲಿಗರವನು, ಇಲ್ಲಿ ರೂಮು ಮಾಡಿಕೊಂಡು ಓದುತ್ತಾನೆ. ಅವನಿಗೂ ರಿಂಗ್ ಲೈಟೇ ಬೇಕಿತ್ತು, ಗೋಕರ್ಣ, ಯಾಣ, ವಿಭೂತಿ ಜಲಪಾತ ಅಂತ ಟೂರಿಸ್ಟ್ ಚಾನೆಲ್ ಮಾಡಬೇಕು ಅಂತ. ಯಾಣದ ಕಲ್ಲನ್ನು ಈಗಾಗಲೇ ಸಾವಿರ ಜನ ತೋರಿಸಿದ್ದಾರೆ ಮಾರಾಯಾ, ನಿನ್ನ ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಿದೆ. ಅಜ್ಜಿ ಇದ್ದಾರೆ, ಹಾಡುತ್ತಾರೆ ಅಂದ. ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡರು ಅವರ ಜನವೇ ಅಲ್ಲವಾ, ಹಾಲಕ್ಕಿ ಹಾಡಿಗೆ 2017ರಲ್ಲಿ ಪದ್ಮಶ್ರೀ ಬಂದವರು, 2025ರ ಫೆಬ್ರವರಿಯಲ್ಲಿ ಹೋಗಿಬಿಟ್ಟರು. ಹೋಗಿ ಹೋಗಿ ರೆಕಾರ್ಡ್ ಮಾಡಿಕೊಂಡವರು ಇದ್ದದ್ದರಿಂದ ಅವರ ದನಿ ಉಳಿದಿದೆ. ಪ್ರಶಸ್ತಿ ಬಾರದ ಅಜ್ಜಿಯರ ಹಾಡಿಗೆ ಮನೆಯ ಹುಡುಗರೇ ಗತಿ.

ಅವನು ಹೋದ, ಹದಿನೈದು ದಿನ ಬಿಟ್ಟು ಮುಖ ಸಣ್ಣ ಮಾಡಿಕೊಂಡು ಬಂದ. ಅಜ್ಜಿಯನ್ನು ಕುರ್ಚಿ ಮೇಲೆ ಕೂರಿಸಿ, ಫೋನು ಹಿಡಿದು, ಹಾಡಜ್ಜಿ ಅಂದರೆ ಒಂದು ಸಾಲೂ ಬರಲಿಲ್ಲವಂತೆ. ಕೂತು ಹಾಡಿ ಅಭ್ಯಾಸವೇ ಇಲ್ಲ ಅವರಿಗೆ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವಾಗ ಕೈ ಜೊತೆ ಹಾಡು ಬರುತ್ತದೆ. ಸರಿ, ನಾಟಿಯ ತನಕ ಕಾದು, ಅಜ್ಜಿಯನ್ನು ಕೇಳಿ ಒಪ್ಪಿಸಿ, ಹಳೇ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅವರ ಸೊಂಟಕ್ಕೆ ಕಟ್ಟಿ, ತಾನು ಬದುವಿನ ಮೇಲೆ ಕೊಡೆ ಹಿಡಿದು ನಿಂತು ತೆಗೆದ. ಕವರಿನ ಪರಪರ ಸದ್ದು ಇದೆ, ಮಳೆ ಇದೆ, ಮಧ್ಯೆ ಯಾರಿಗೋ ಸಸಿ ಕಟ್ಟು ತಾರೇ ಅಂತ ಕೂಗುವುದಿದೆ. ನನಗೆ ಅದೇ ಚೆಂದ ಅನ್ನಿಸಿತು. ರಿಂಗ್ ಲೈಟ್ ಮತ್ತೆ ಕೇಳಲಿಲ್ಲ ಅವನು. ಪವರ್ ಬ್ಯಾಂಕ್ ತಗೊಂಡ, ಅಪ್ಪಯ್ಯನಿಗೆ ಸ್ವಲ್ಪ ಸಮಾಧಾನ.

ದುಡ್ಡಿನ ವಿಷಯಕ್ಕೆ ಬರುತ್ತೇನೆ, ಎಲ್ಲರೂ ಕೊನೆಗೆ ಕೇಳುವುದು ಅದನ್ನೇ. ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್ ಮತ್ತು ಹಿಂದಿನ 12 ತಿಂಗಳಲ್ಲಿ ಜನ ನೋಡಿದ್ದು ಒಟ್ಟು 4,000 ಗಂಟೆ ಆಗಬೇಕು. ಶಾರ್ಟ್ಸ್ ಅನ್ನುವ ಪುಟ್ಟ ವೀಡಿಯೊ ಮಾಡುವವರಿಗೆ 4,000 ಗಂಟೆಯ ಬದಲು 90 ದಿನದಲ್ಲಿ 1 ಕೋಟಿ ವ್ಯೂಸ್. ಅಂಗಡಿಯ ಕ್ಯಾಲ್ಕುಲೇಟರಿನಲ್ಲಿ ಲೆಕ್ಕ ಹಾಕಿ ನೋಡಿ. 4,000 ಗಂಟೆ ಅಂದರೆ 2,40,000 ನಿಮಿಷ. ಒಬ್ಬರು ಮೂರು ನಿಮಿಷ ನೋಡುತ್ತಾರೆ ಅಂದುಕೊಂಡರೂ 80,000 ಸಲ ನೋಡಬೇಕು. 2011ರ ಜನಗಣತಿಯಲ್ಲಿ ಶಿರಸಿ ಪೇಟೆಯಲ್ಲಿ ಇದ್ದದ್ದೇ 60 ಸಾವಿರ ಚಿಲ್ಲರೆ ಜನ. ಆಗುವುದೇ ಇಲ್ಲ ಅಂತಲ್ಲ, ಆದವರು ಇದ್ದಾರೆ. ಆದರೆ ಸಾಲ ಮಾಡಿ ಕ್ಯಾಮೆರಾ ತರುವ ಮುಂಚೆ ಈ ಲೆಕ್ಕ ಮಾಡಿ. ನನಗೆ ಈಗ ಆರುನೂರು ಚಿಲ್ಲರೆ ಸಬ್‌ಸ್ಕ್ರೈಬರ್, ಅರ್ಧ ನೆಂಟರು.

ಎಡಿಟಿಂಗ್ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಫೋನಿನಲ್ಲೇ ಇನ್‌ಶಾಟ್, ವಿಎನ್, ಕೈನ್‌ಮಾಸ್ಟರ್ ಯಾವುದಾದರೂ ಆಗುತ್ತದೆ, ಕಂಪ್ಯೂಟರ್ ಇದ್ದರೆ ಡಾವಿಂಚಿ ರಿಸಾಲ್ವ್ ಪುಕ್ಕಟೆ ಸಿಗುತ್ತದೆ. ಶುರುವಿನ "ಹಾಂ, ಆನ್ ಆಯ್ತಾ" ಮತ್ತು ಕೊನೆಯ "ಸಾಕು ಸಾಕು" ಕತ್ತರಿಸಿದರೆ ಮುಕ್ಕಾಲು ಕೆಲಸ ಮುಗಿಯಿತು. ಸಿನಿಮಾ ಹಾಡು ಹಿಂದೆ ಹಾಕಬೇಡಿ, ಕಾಪಿರೈಟ್ ಕ್ಲೇಮ್ ಬರುತ್ತದೆ, ಅದಕ್ಕಿಂತ ಹೆಚ್ಚಾಗಿ ಕೊಟ್ಟಿಗೆ ಸದ್ದು, ಒಲೆ ಸದ್ದು ಎಲ್ಲ ಅದರಡಿ ಮುಚ್ಚಿಹೋಗುತ್ತದೆ. ಹಾಂ, ಬಲ್ಬಿನ ಬೆಳಕಿನಲ್ಲಿ ತೆಗೆದಾಗ ಪಟ್ಟೆ ಪಟ್ಟೆ ಓಡಿದ ಹಾಗೆ ಕಂಡರೆ ಫೋನು ಹಾಳಾಯ್ತು ಅಂದುಕೊಳ್ಳಬೇಡಿ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತಿನದು, ಬಲ್ಬು 100 ಸಲ ಮಿಣುಕುತ್ತದೆ. ಫೋನ್ ಕ್ಯಾಮೆರಾದ ಪ್ರೊ ಮೋಡ್‌ಗೆ ಹೋಗಿ ಶಟರ್ 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟೆ ಹೋಗುತ್ತದೆ. ನನಗೆ ಇದು ಗೊತ್ತಾಗುವಷ್ಟರಲ್ಲಿ ಎರಡು ಬಲ್ಬು ಬದಲಿಸಿದ್ದೆ. ಅಪ್‌ಲೋಡ್ ಮಾಡಲಿಕ್ಕೆ ಮಾತ್ರ ಊರ ಮನೆಯಿಂದ ಆಗುವುದಿಲ್ಲ, ಗುಡ್ಡದ ತಲೆಯಲ್ಲಿ ಒಂದು ಕಡ್ಡಿ ಸಿಗ್ನಲ್ಲು. ನಾನು ರಾತ್ರಿ ಅಂಗಡಿ ಬಾಗಿಲು ಹಾಕುವ ಮುಂಚೆ ಅಲ್ಲಿಂದಲೇ ಕಳಿಸುತ್ತೇನೆ.

ಡ್ರೋನ್ ಬಗ್ಗೆ ಕೇಳುವವರು ಇತ್ತೀಚೆಗೆ ಹೆಚ್ಚಾಗಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಸ್ವಲ್ಪ ಜೋಪಾನ. ಕಾರವಾರದಲ್ಲಿ ನೌಕಾನೆಲೆ ಐಎನ್‌ಎಸ್ ಕದಂಬ, ಮೇಲೆ ಕೈಗಾ ಅಣು ಸ್ಥಾವರ. ಡ್ರೋನ್ ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಅಂತ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪಿನಲ್ಲಿ ಕೆಂಪು, ಹಳದಿ, ಹಸಿರು ಅಂತ ಜಾಗ ಗುರುತು ಮಾಡಿದ್ದಾರೆ, ನೋಡದೆ ಹಾರಿಸಿದರೆ ಡ್ರೋನೂ ಹೋಗುತ್ತದೆ, ನೀವೂ ಸ್ಟೇಷನ್ ಮೆಟ್ಟಿಲು ಹತ್ತಬೇಕು. ಜನರ ಮುಖ ತೆಗೆಯುವಾಗಲೂ ಕೇಳಿಯೇ ತೆಗೆಯಿರಿ. ಗೋಕರ್ಣದಲ್ಲಿ ಹೂವು ಮಾರುವ ಹಾಲಕ್ಕಿ ಹೆಂಗಸರ ಕೊರಳಿನ ಮಣಿಸರಕ್ಕೆ ಫೋನು ತಾಗಿಸುವಷ್ಟು ಹತ್ತಿರ ಹೋಗಿ, ಒಂದು ಮಾತೂ ಆಡದೆ, ಹೂವೂ ಕೊಳ್ಳದೆ ಹೋಗುವವರನ್ನು ನೋಡಿದ್ದೇನೆ. ಸಿಟ್ಟು ಬರುತ್ತದೆ.

ನಾಳೆ ನಮ್ಮ ತೋಟದಲ್ಲಿ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನ ಎದೆಗೆ ಫೋನು ಕಟ್ಟಿ ಮರದಿಂದ ಮರಕ್ಕೆ ದಾಟುವುದನ್ನು ಮೇಲಿನಿಂದಲೇ ತೋರಿಸಬೇಕು ಅಂತ ಬಹಳ ದಿನದ ಆಸೆ. ಈ ಅಡಿಕೆ ಮರದಿಂದ ಆ ಅಡಿಕೆ ಮರಕ್ಕೆ ತೂಗಿ ಹಿಡಿಯುವಾಗ ಅವನು ಏನು ನೋಡುತ್ತಾನೆ, ಕೊಂಬೆ ಇಲ್ಲದ ಮರ ಎಷ್ಟು ಬಗ್ಗುತ್ತದೆ ಅಂತ ಹೇಗೆ ಅಂದಾಜು ಮಾಡುತ್ತಾನೆ, ಇದನ್ನೂ ನಾನು ಕೇಳಿಲ್ಲ, ಕೆಳಗೆ ನಿಂತು ಹಗ್ಗದಲ್ಲಿ ಜಾರಿ ಬಂದ ಕೊನೆ ಹಿಡಿದದ್ದಷ್ಟೇ. ಒಂದು ವಾರದಿಂದ ಹಿಂದೆ ಬಿದ್ದು ಕೇಳಿದ ಮೇಲೆ ನಿನ್ನೆ ಒಪ್ಪಿದ. ಹಳೇ ಸ್ಕೂಲ್ ಬ್ಯಾಗಿನ ಪಟ್ಟಿ ಬಿಚ್ಚಿ ಹೊಲಿಸಿ ಇಟ್ಟಿದ್ದೇನೆ. ಅವನದೊಂದೇ ಷರತ್ತು.

"ತುದಿ ಮೇಲೆ ಕೂತು ಬೀಡಿ ಸೇದೋದು ಮಾತ್ರ ಬರಬಾರದು ಒಡೆಯಾ. ಮಗಳು ನೋಡ್ತಾಳೆ."